ನಿಮಗಿದು ಗೊತ್ತೆ? ಪೆನ್ಸಿಲಿನ್ ಒಡೆಯುವುದು ಗೋಡೆಯನ್ನು!

ಬ್ಯಾಕ್ಟೀರಿಯಾದ ಮೈಸುತ್ತ ಗಟ್ಟಿ ಗೋಡೆಯೊಂದಿರುತ್ತದೆ. ಮನುಷ್ಯನ ಜೀವಕೋಶಕ್ಕೆ ಅದಿಲ್ಲ. ಪೆನ್ಸಿಲಿನ್‌ನ ಗುರಿ ಈ ಗೋಡೆಯೇ. ಗೋಡೆಯ ಎಳೆಗಳನ್ನು ಬೆಸೆಯುವ ಕಿಣ್ವಕ್ಕೆ ಅದು ಅಂಟಿಕೊಂಡು ಕೆಲಸ ಕೆಡಿಸುತ್ತದೆ. ಗೋಡೆ ಸಡಿಲವಾದ ಮೇಲೆ ಒಳಗೆ ನೀರು ನುಗ್ಗಿ ಬ್ಯಾಕ್ಟೀರಿಯಾ ಒಡೆದೇಹೋಗುತ್ತದೆ. ನಮ್ಮ ಜೀವಕೋಶಗಳಿಗೆ ಏನೂ ಆಗುವುದಿಲ್ಲ.

1941ರ ಫೆಬ್ರುವರಿಯಲ್ಲಿ ಆಕ್ಸ್‌ಫರ್ಡ್‌ನ ಆಸ್ಪತ್ರೆಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಈ ಮದ್ದು ಚುಚ್ಚಿದರು. ಮುಖದ ತುಂಬ ಕೀವು ಕಟ್ಟಿಕೊಂಡಿದ್ದವನು ಒಂದೇ ದಿನದಲ್ಲಿ ಚೇತರಿಸಿಕೊಳ್ಳತೊಡಗಿದ. ಮದ್ದು ಎಷ್ಟು ದುರ್ಲಭವಾಗಿತ್ತೆಂದರೆ, ಅವನ ಮೂತ್ರದಿಂದಲೇ ಪೆನ್ಸಿಲಿನ್ ಬೇರ್ಪಡಿಸಿ ಮತ್ತೆ ಅವನಿಗೇ ಕೊಟ್ಟರು! ಆದರೂ ಸಾಲಲಿಲ್ಲ. ಸೋಂಕು ಮರುಕಳಿಸಿ ಮಾರ್ಚ್‌ನಲ್ಲಿ ಆತ ತೀರಿಕೊಂಡ.

ಒಂದೊಂದು ಬಗೆಯ ರೋಗಕಾರಕಕ್ಕೆ ಒಂದೊಂದು ಬಗೆಯ ಮದ್ದು. ಶಾಲೆಗಳಲ್ಲಿ ಮಕ್ಕಳಿಗೆ ಅಗಿದು ತಿನ್ನಲು ಕೊಡುವ ಆಲ್ಬೆಂಡಜೋಲ್ ಮಾತ್ರೆ, ಜಂತುಹುಳು ಗ್ಲೂಕೋಸ್ ಹೀರದಂತೆ ಮಾಡಿ ಅದನ್ನು ಉಪವಾಸ ಕೆಡವುತ್ತದೆ. ಹುಳುಕಡ್ಡಿಯ ಮುಲಾಮುಗಳಲ್ಲಿ ಹಲವು ಶಿಲೀಂಧ್ರದ ಪೊರೆಯನ್ನು ಹಾಳುಗೆಡವುತ್ತವೆ. ವೈರಸ್‌ಗೆ ಗೋಡೆಯೇ ಇಲ್ಲ, ಹಾಗಾಗಿ ವೈರಸ್‌ನಿಂದ ಬರುವ ನೆಗಡಿಗೆ ಪೆನ್ಸಿಲಿನ್ ನುಂಗಿದರೆ ದುಡ್ಡು ದಂಡ. ಎಚ್‌ಐವಿ, ಹರ್ಪಿಸ್‌ಗಳಿಗೆ ಬೇರೆಯೇ ಮಾತ್ರೆಗಳಿವೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್‌ಗಂತೂ ಇಂದಿಗೂ ನಿರ್ದಿಷ್ಟ ಔಷಧವಿಲ್ಲ.

ಯಾವ ಕಾಯಿಲೆಗೆ ಯಾವ ಮದ್ದು ಎಂಬುದನ್ನು ವೈದ್ಯರೇ ಹೇಳಬೇಕು. ಹಾಗಾಗಿ ಮಾತ್ರೆಯ ಪಟ್ಟಿಯ ಮೇಲೆ ಉದ್ದನೆಯ ಕೆಂಪು ಗೆರೆ ಇದ್ದರೆ, ವೈದ್ಯರ ಚೀಟಿ ಇಲ್ಲದೆ ಅದನ್ನು ಕೊಳ್ಳಬೇಡಿ.