ಸಮರೂಪಿ ಹಕ್ಕಿಗಳ ನಡುವೆ

ಕೆರೆಯ ಅಂಚಿನಲ್ಲಿ ನಿಂತ ಬಿಳಿಯ ಹಕ್ಕಿಯನ್ನೆಲ್ಲ ಬೆಳ್ಳಕ್ಕಿಯೆಂದು ಕರೆದು ಮುಂದೆ ಸಾಗುವುದು ನಮ್ಮ ನಾಡಿನ ಹಳೆಯ ರೂಢಿ. ಉಳುವವನಿಗೂ ನೀರು ಕಟ್ಟುವವನಿಗೂ ಅಷ್ಟರಿಂದಲೇ ಕೆಲಸ ಸಾಗುವುದರಿಂದ ಅದನ್ನು ತಪ್ಪೆನ್ನಲಾಗದು. ಆದರೆ ಏರಿಯ ಮೇಲೆ ಒಂದು ಗಳಿಗೆ ಕುಳಿತು, ಒಂದು ಹಕ್ಕಿಯಿಂದ ಇನ್ನೊಂದಕ್ಕೆ ನಿಧಾನವಾಗಿ ಕಣ್ಣು ಹಾಯಿಸಿದವನಿಗೆ, ಒಂದೇ ಎಂದು ತೋರಿದ ಆ ಬಿಳುಪಿನೊಳಗೆ ನಾಲ್ಕು ಬೇರೆ ಬೇರೆ ಪ್ರಭೇದಗಳು ನಾಲ್ಕು ಬಗೆಯ ಜೀವನಕ್ರಮಗಳನ್ನು ಅವಲಂಬಿಸಿ ಬಾಳುತ್ತಿರುವುದು ಕ್ರಮೇಣ ಗೋಚರವಾಗುತ್ತದೆ. ಸಮರೂಪದ ಹಕ್ಕಿಗಳನ್ನು ಕೈಗೆ ಹಿಡಿಯದೆ, ಬಯಲಿನಲ್ಲಿಯೇ ನೋಡಿ ಬೇರ್ಪಡಿಸುವ ವಿದ್ಯೆಗೆ ಇದಕ್ಕಿಂತ ಉತ್ತಮವಾದ ಮೊದಲ ಪಾಠವನ್ನು ನಾನರಿಯೆ; ಬಣ್ಣವನ್ನು ನೆಚ್ಚಿ ಕೂರಬಾರದೆಂಬುದನ್ನು ಅದು ಮೊದಲ ದಿನವೇ ಕಲಿಸಿಕೊಡುತ್ತದೆ.

ಆ ನಾಲ್ಕರಲ್ಲಿ ಅತಿ ಪರಿಚಿತವಾದುದು ದನಗಳ ಕಾಲ ಬಳಿ ಅಡ್ಡಾಡುವ, ನೇಗಿಲ ಸಾಲಿನ ಹಿಂದೆಯೂ ಈಗಿನ ಟ್ರ್ಯಾಕ್ಟರಿನ ಹಿಂದೆಯೂ ಮಿಡತೆಗಳನ್ನು ಹೆಕ್ಕುತ್ತ ನಡೆಯುವ ಗೋವಕ್ಕಿ. ಸುಮಾರು 50 ಸೆಂಟಿಮೀಟರ್ ಉದ್ದದ ಈ ಹಕ್ಕಿಯ ಕತ್ತು ಗಿಡ್ಡ, ತಲೆ ದುಂಡು, ಹಳದಿಯ ಕೊಕ್ಕು ಮೋಟು. ಕೆಳಗೊಕ್ಕಿನ ಅಡಿಯಲ್ಲಿ ಗರಿಗಳು ಮುಂದಕ್ಕೆ ಚಾಚಿಕೊಂಡಿರುವುದರಿಂದ ಗಲ್ಲ ಊದಿಕೊಂಡಂತೆ ಕಾಣುವುದು. ಅದಕ್ಕಿಂತ ತುಸು ಎತ್ತರವಾದ ಚಿಕ್ಕ ಬೆಳ್ಳಕ್ಕಿಯು ನೀರನ್ನು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಕಪ್ಪು ಕೊಕ್ಕು, ಕಪ್ಪು ಕಾಲು, ಆ ಕಾಲುಗಳ ತುದಿಯಲ್ಲಿ ಕಾಲ್ಚೀಲ ತೊಟ್ಟಂತೆ ಹಳದಿಯ ಪಾದಗಳು ಎಂಬೀ ಮೂರು ಲಕ್ಷಣಗಳು ಕೂಡಿ ಬಂದಲ್ಲಿ ಸಂದೇಹಕ್ಕೆ ಎಡೆಯುಳಿಯದು. ಪಾದಗಳು ಕೆಸರಿನಲ್ಲಿ ಮುಳುಗಿದ್ದರೆ ಅದು ಹಾರುವವರೆಗೆ ಕಾಯಬೇಕು. ಅಥವಾ ಒಂದು ಕಾಲನ್ನು ಮುಂದಿಟ್ಟು ತಳದ ಕೆಸರನ್ನು ನಡುಗಿಸಿ, ಹೊರಬಿದ್ದ ಮೀನನ್ನು ಥಟ್ಟನೆ ಹಿಡಿಯುವ, ಆಳವಿಲ್ಲದ ನೀರಿನಲ್ಲಿ ರೆಕ್ಕೆಯನ್ನರೆತೆರೆದು ಅತ್ತಿತ್ತ ಓಡುವ ಅದರ ಚಟುವಟಿಕೆಯನ್ನು ನೋಡಿಯೇ ನಿರ್ಧರಿಸಬೇಕು. ಇನ್ನುಳಿದ ಮೂರು ಬೆಳ್ಳಕ್ಕಿಗಳಲ್ಲಿ ಆ ಚಾಪಲ್ಯವು ಅಷ್ಟಾಗಿ ಕಾಣಬರುವುದಿಲ್ಲ.

ನಿಜವಾದ ಕಷ್ಟ ಮೊದಲಾಗುವುದು ಮಧ್ಯಮ ಬೆಳ್ಳಕ್ಕಿ ಮತ್ತು ದೊಡ್ಡ ಬೆಳ್ಳಕ್ಕಿಗಳ ನಡುವೆ. ಗಾತ್ರವನ್ನು ನೋಡಿದರೆ ಸಾಲದೇ ಎಂದು ಯಾರಾದರೂ ಕೇಳಬಹುದು: ಒಂದು ಮೂರಡಿಯ ಆಸುಪಾಸಿನದು, ಇನ್ನೊಂದು ಎರಡಡಿಗಿಂತ ಸ್ವಲ್ಪವೇ ಹೆಚ್ಚಿನದು. ಎರಡೂ ಒಂದೆಡೆ ನಿಂತಾಗ ಆ ಮಾತು ಸರಿ. ಆದರೆ ವಿಶಾಲವಾದ ಕೆರೆಯಂಗಳದಲ್ಲಿ ಒಂದೇ ಹಕ್ಕಿ ಒಂಟಿಯಾಗಿ ನಿಂತಿರುವಾಗ, ಪಕ್ಕದಲ್ಲಿ ಅಳತೆಗೆಂದು ಬೇರೊಂದು ವಸ್ತುವಿಲ್ಲದಿರುವಾಗ, ಕಣ್ಣಿನ ಅಂದಾಜು ಎಷ್ಟು ಸುಲಭವಾಗಿ ಹಿಗ್ಗುವುದೋ ಅಷ್ಟೇ ಸುಲಭವಾಗಿ ಕುಗ್ಗುವುದು. ಪ್ರಾತಃಕಾಲದ ಮಂಜಿನಲ್ಲಿ ಗೋವಕ್ಕಿಯೂ ಬೃಹದಾಕಾರವಾಗಿ ತೋರುವುದುಂಟು. ಆದುದರಿಂದ ಗಾತ್ರಕ್ಕಿಂತಲೂ ಅಂಗಾಂಗಗಳ ಪರಸ್ಪರ ಪ್ರಮಾಣವನ್ನೇ ಪ್ರಮಾಣವೆಂದು ಹಿಡಿಯಬೇಕಾಗುತ್ತದೆ. ದೊಡ್ಡ ಬೆಳ್ಳಕ್ಕಿಯ ಕತ್ತು ಅದರ ದೇಹಕ್ಕಿಂತ ಉದ್ದವೆಂಬಂತಿದ್ದು, ನಡುವೆ ಒಂದೆಡೆ ಮುರಿದು ಕೂಡಿಸಿದಂತೆ ತಟಕ್ಕನೆ ಕೋನವಾಗಿ ಬಾಗುತ್ತದೆ. ಮಧ್ಯಮ ಬೆಳ್ಳಕ್ಕಿಯ ಕತ್ತಿನ ಬಾಗು ಮೃದು, ತಲೆ ದುಂಡು, ಕೊಕ್ಕು ಗಿಡ್ಡ. ಇವೆಲ್ಲಕ್ಕಿಂತ ನಿಶ್ಚಿತವಾದ ಗುರುತೊಂದುಂಟು. ದುರ್ಬೀನಿನಲ್ಲಿ ಮುಖವನ್ನು ದೃಷ್ಟಿಸಿ ನೋಡಿದರೆ, ಬಾಯಿಯ ಸೀಳು ದೊಡ್ಡ ಬೆಳ್ಳಕ್ಕಿಯಲ್ಲಿ ಕಣ್ಣನ್ನು ದಾಟಿ ಹಿಂದಕ್ಕೆ ಒಂದು ಸಣ್ಣ ಗೆರೆಯಾಗಿ ಮುಂದುವರಿದಿರುವುದು. ಮಧ್ಯಮ ಬೆಳ್ಳಕ್ಕಿಯಲ್ಲಿ ಅದು ಕಣ್ಣಿನ ಕೆಳಗೇ ನಿಂತುಬಿಡುವುದು. ಕೂದಲೆಳೆಯ ಅಂತರದ ಈ ಗೆರೆಯು ಋತುವಿನೊಡನೆ ಬದಲಾಗುವುದಿಲ್ಲ, ಬೆಳಕಿನೊಡನೆ ಮಾಯವಾಗುವುದೂ ಇಲ್ಲ.

ಋತುವಿನೊಡನೆ ಬದಲಾಗುವುದು ಬಣ್ಣ. ಸಂತಾನಕಾಲ ಸಮೀಪಿಸಿದಾಗ ಗೋವಕ್ಕಿಯ ತಲೆ, ಕತ್ತು, ಬೆನ್ನುಗಳು ಹೊಂಬಣ್ಣಕ್ಕೆ ತಿರುಗುತ್ತವೆ. ಬೇರೆ ಕಾಲಗಳಲ್ಲಿ ಹಳದಿಯಾಗಿದ್ದ ದೊಡ್ಡ ಬೆಳ್ಳಕ್ಕಿಯ ಕೊಕ್ಕೂ ಮಧ್ಯಮ ಬೆಳ್ಳಕ್ಕಿಯ ಕೊಕ್ಕೂ ನಮ್ಮ ದೇಶದಲ್ಲಿ ಕಪ್ಪಾಗುತ್ತವೆ. ಆಗತಾನೇ ಗೂಡು ಬಿಟ್ಟ ಎಳೆಯ ಗೋವಕ್ಕಿಯ ಕೊಕ್ಕು ಸ್ವಲ್ಪ ಕಾಲ ಕರ್ರಗಿದ್ದು ಚಿಕ್ಕ ಬೆಳ್ಳಕ್ಕಿಯ ಭ್ರಾಂತಿಯನ್ನುಂಟುಮಾಡುವುದೂ ಉಂಟು. ಕಪ್ಪು ಕೊಕ್ಕಿನದೆಲ್ಲ ಚಿಕ್ಕ ಬೆಳ್ಳಕ್ಕಿ, ಹಳದಿ ಕೊಕ್ಕಿನದೆಲ್ಲ ಬೇರೆ ಎಂದು ಬಾಯಿಪಾಠ ಮಾಡಿಕೊಂಡವನು ವರ್ಷದ ಕೆಲವು ತಿಂಗಳು ಸರಿಯಾಗಿಯೂ ಉಳಿದ ತಿಂಗಳು ತಪ್ಪಾಗಿಯೂ ಹೇಳುವನು. ಆದರೆ ಅದೇ ಕಾಲದಲ್ಲಿ ಮೂಡುವ ನವಿರಾದ ಅಲಂಕಾರದ ಗರಿಗಳು ಬೇರೊಂದು ರೀತಿಯಲ್ಲಿ ನೆರವಾಗುತ್ತವೆ: ಚಿಕ್ಕ ಬೆಳ್ಳಕ್ಕಿಯ ನೆತ್ತಿಯ ಹಿಂದಿನಿಂದ ಎರಡು ನೀಳವಾದ ಗರಿಗಳು ಇಳಿಬೀಳುತ್ತವೆ, ಮಧ್ಯಮ ಬೆಳ್ಳಕ್ಕಿಗೆ ಎದೆಯಲ್ಲಿಯೂ ಬೆನ್ನಿನಲ್ಲಿಯೂ ಜಾಲರಿ ಮೂಡುತ್ತದೆ, ದೊಡ್ಡ ಬೆಳ್ಳಕ್ಕಿಗೆ ಬೆನ್ನಿನಲ್ಲಿ ಮಾತ್ರ. ಈ ಗರಿಗಳ ಚೆಲುವೇ ಒಂದು ಕಾಲದಲ್ಲಿ ಈ ಹಕ್ಕಿಗಳಿಗೆ ಮೃತ್ಯುವಾಗಿ ಪರಿಣಮಿಸಿತ್ತೆಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾಶ್ಚಾತ್ಯ ಸ್ತ್ರೀಯರ ಟೋಪಿಗಳ ಶೃಂಗಾರಕ್ಕಾಗಿ ಲೋಕದ ನಾನಾ ದೇಶಗಳಲ್ಲಿ ಬೆಳ್ಳಕ್ಕಿಗಳನ್ನು ಗೂಡಿನ ಮೇಲೆಯೇ ಕೊಂದರು. ಇದನ್ನು ಸಹಿಸದ ಇಂಗ್ಲೆಂಡಿನ ಕೆಲವು ಮಹಿಳೆಯರೇ 1889ರಲ್ಲಿ ಹಕ್ಕಿಗಳ ರಕ್ಷಣೆಗೆಂದು ಸಂಘ ಕಟ್ಟಿದರು. ಭಾರತದಿಂದ ಗರಿಗಳ ರಫ್ತನ್ನು 1902ರಲ್ಲಿ ಸರ್ಕಾರವು ನಿಷೇಧಿಸಿತು.

ಬೆಳ್ಳಕ್ಕಿಗಳು ಅಂಗಪ್ರಮಾಣವನ್ನು ನೋಡಲು ಕಲಿಸಿದರೆ, ಕಾಜಾಣಗಳು ಸ್ಥಳವನ್ನೂ ಕಾಲವನ್ನೂ ಗಮನಿಸಲು ಕಲಿಸುತ್ತವೆ. ತಂತಿಯ ಮೇಲೆ, ದನದ ಬೆನ್ನಿನ ಮೇಲೆ, ಬಯಲಿನ ಒಂಟಿ ಮರದ ತುದಿಯಲ್ಲಿ ಕವಲುಬಾಲವನ್ನು ಇಳಿಬಿಟ್ಟು ಕುಳಿತಿರುವ ಕರಿಯ ಕಾಜಾಣವನ್ನು ಕಾಣದವರಿಲ್ಲ. ಚಳಿಗಾಲ ಬಂದೊಡನೆ ಅದರಂತೆಯೇ ಕವಲುಬಾಲದ ಬೂದು ಕಾಜಾಣವು ಉತ್ತರದಿಂದ ವಲಸೆ ಬಂದು ನಮ್ಮ ತೋಟ ತೋಪುಗಳನ್ನೂ ಕಾಡುಗಳನ್ನೂ ಸೇರಿಕೊಳ್ಳುತ್ತದೆ. ಎಲೆಗಳ ನೆರಳಿನಲ್ಲಿ ಬೂದಿಯ ಬಣ್ಣವು ಕಪ್ಪಾಗಿಯೇ ತೋರುವುದರಿಂದ ಬಣ್ಣದ ಸಾಕ್ಷ್ಯ ಇಲ್ಲಿಯೂ ದುರ್ಬಲ. ಆದರೆ ಬೂದು ಕಾಜಾಣದ ಕಣ್ಣು ಉಜ್ಜ್ವಲವಾದ ಕಡುಗೆಂಪು. ಕರಿಯ ಕಾಜಾಣದ ಕಣ್ಣು ಮಂಕಾದ ಕಂದುಗೆಂಪಾಗಿದ್ದು, ಬಹುಮಟ್ಟಿಗೆ ಬಾಯಿಯ ಮೂಲೆಯಲ್ಲಿ ಒಂದು ಸಣ್ಣ ಬಿಳಿಯ ಬೊಟ್ಟು ಇರುತ್ತದೆ. ಮರಗಳಿಲ್ಲದ ಹೊಲದ ನಡುವೆ ನಡುಬೇಸಗೆಯಲ್ಲಿ ಕಂಡುದನ್ನು ಬೂದು ಕಾಜಾಣವೆನ್ನುವ ಮುನ್ನ ಎರಡು ಬಾರಿ ಯೋಚಿಸಬೇಕು. ಸ್ಥಳವೂ ಋತುವೂ ಹೊಂದದಿದ್ದಲ್ಲಿ ಕಣ್ಣಿನ ಸಾಕ್ಷ್ಯವನ್ನೇ ಮತ್ತೊಮ್ಮೆ ಪರೀಕ್ಷಿಸಬೇಕು. ಮಲೆನಾಡಿನ ದಟ್ಟಡವಿಯಲ್ಲಿ ಲೋಹದ ಹೊಳಪಿನ ಕಂಚು ಕಾಜಾಣವೂ, ಬಾಲದ ತುದಿಯಲ್ಲಿ ಎರಡು ನೀಳ ಎಳೆಗಳನ್ನು ತೇಲಿಸುತ್ತ ಹಾರುವ ಭೀಮರಾಜವೂ ಇವುಗಳ ಬಂಧುಗಳು. ಇತರ ಹಕ್ಕಿಗಳ ಕೂಗನ್ನು ಯಥಾವತ್ತಾಗಿ ಅನುಕರಿಸಬಲ್ಲ ಭೀಮರಾಜವಿರುವ ಕಾಡಿನಲ್ಲಿ ಕಿವಿಯೊಂದನ್ನೇ ನೆಚ್ಚಿದವನು ಕೂಗಿದ ಹಕ್ಕಿಯನ್ನು ಕಾಣುವವರೆಗೆ ಏನನ್ನೂ ಬರೆದುಕೊಳ್ಳದಿರುವುದೇ ಲೇಸು.

ರೂಪಸಾಮ್ಯವೇ ಜೀವನೋಪಾಯವಾದ ಹಕ್ಕಿಯೂ ಒಂದುಂಟು. ಸಣ್ಣ ಹಕ್ಕಿಗಳನ್ನು ಬೇಟೆಯಾಡುವ ಬಿಜ್ಜು ಮತ್ತು ಗಿಡುಗನ ರೂಪವನ್ನು ಹೊತ್ತ ಒಂದು ಜಾತಿಯ ಕೋಗಿಲೆ, ಇವೆರಡೂ ಬೂದು ಬೆನ್ನು, ಪಟ್ಟೆಯ ಬಾಲಗಳಲ್ಲಿ ಮಾತ್ರವಲ್ಲದೆ ಹಾರುವ ಬಗೆಯಲ್ಲಿಯೂ, ಮರಕ್ಕೆ ಬಂದೆರಗುವ ಕ್ರಮದಲ್ಲಿಯೂ ಎಷ್ಟು ಹೋಲುತ್ತವೆಂದರೆ, ಈ ಕೋಗಿಲೆ ಬಂದು ಕುಳಿತೊಡನೆ ತೋಪಿನ ಸಣ್ಣ ಹಕ್ಕಿಗಳು ಗಾಬರಿಗೊಳ್ಳುತ್ತವೆ. ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುವ ಅದಕ್ಕೆ ಈ ವೇಷದಿಂದ ಪ್ರಯೋಜನವಿದ್ದೀತೆಂದು ಪಕ್ಷಿಶಾಸ್ತ್ರಜ್ಞರು ಊಹಿಸಿರುವುದು ಯುಕ್ತವಾಗಿಯೇ ತೋರುತ್ತದೆ. ಮಾಂಸ ಹರಿಯುವ ಬಿಜ್ಜುವಿನ ಕೊಕ್ಕು ಕೊಂಕಿದ್ದು, ಬಲಿಷ್ಠವಾದ ನೀಳಗಾಲಿನಲ್ಲಿ ಹರಿತವಾದ ಉಗುರುಗಳಿವೆ. ಕಂಬಳಿಹುಳು ತಿನ್ನುವ ಕೋಗಿಲೆಗೆ ಆ ಆಯುಧಗಳಿಲ್ಲ, ಕಾಲು ಗಿಡ್ಡ, ಕೊಕ್ಕು ಹೆಚ್ಚುಕಡಿಮೆ ನೇರ. ಬೇಸಗೆಯಲ್ಲಿ ಸ್ವರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಹೋಗಿ ಹಠಾತ್ತನೆ ನಿಲ್ಲಿಸುವ ಅದರ ಕೂಗನ್ನು ಕೇಳಿದಮೇಲಂತೂ ಪ್ರಶ್ನೆಯೇ ಉಳಿಯದು.

ಕಂಠವೇ ಏಕಮಾತ್ರ ಆಧಾರವಾಗುವ ಸಂದರ್ಭಗಳೂ ಇವೆ. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿ ಬಾಳಿದ ಪಾದ್ರಿ ಗಿಲ್ಬರ್ಟ್ ವೈಟ್, ಅದುವರೆಗೆ ಒಟ್ಟಾಗಿ ಒಂದೇ ಹೆಸರಿನಿಂದ ತಿಳಿಯಲ್ಪಟ್ಟಿದ್ದ ಎಲೆಹಸಿರಿನ ಪುಟ್ಟ ಹಕ್ಕಿಗಳಲ್ಲಿ ಮೂರು ಪ್ರತ್ಯೇಕ ಪ್ರಭೇದಗಳಿವೆಯೆಂದು 1768ರಲ್ಲಿ ತನ್ನ ಪತ್ರವೊಂದರಲ್ಲಿ ಖಚಿತವಾಗಿ ಬರೆದನು. ಅವನನ್ನು ಆ ನಿರ್ಧಾರದತ್ತ ಕರೆದೊಯ್ದುದು ಆ ಹಕ್ಕಿಗಳು ಎಂದೂ ತಪ್ಪದೆ ಬಳಸುತ್ತಿದ್ದ ಬೇರೆ ಬೇರೆ ಸ್ವರಗಳು. ದುರ್ಬೀನಿನ ನೆರವಿಲ್ಲದೆ, ತನ್ನ ಊರಿನ ಸುತ್ತಣ ಬೇಲಿ ಬನಗಳನ್ನೇ ವರ್ಷಾನುವರ್ಷ ಆಲಿಸುತ್ತಿದ್ದ ಒಬ್ಬ ಮನುಷ್ಯನು ವಿದ್ವಾಂಸರಿಗೆ ಸ್ಪಷ್ಟವಾಗದಿದ್ದುದನ್ನು ಸ್ಪಷ್ಟಪಡಿಸಿದನೆಂಬುದು ನನಗೆ ಇಂದಿಗೂ ಅತ್ಯಂತ ಹೃದ್ಯವಾದ ವಿಷಯ. ಅದೇ ಕುಲದ ಎಲೆ ಉಲಿಯಕ್ಕಿಗಳು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಿಂದ ನಮ್ಮ ಮರಗಳಿಗೂ ಬರುತ್ತವೆ: ಹತ್ತು ಗ್ರಾಂನಷ್ಟೂ ತೂಗದ, ಒಂದೆಡೆ ಕ್ಷಣವೂ ನಿಲ್ಲದ, ಎಲೆಯ ಬಣ್ಣದಲ್ಲಿ ಎಲೆಯೊಳಗೇ ಲೀನವಾಗುವ ಜೀವಿಗಳು. ಇವುಗಳಲ್ಲಿ ಹಿಮಾಲಯದಿಂದಲೂ ಅದರಾಚೆಯ ಉತ್ತರದ ಕಾಡುಗಳಿಂದಲೂ ಬರುವ ಒಂದು ಪ್ರಭೇದ ಎರಡು ಉಚ್ಚಾರದ ಕರೆ ಕೊಡುತ್ತದೆ. ಕಾಕಸಸ್ ಪರ್ವತಗಳ ಕಡೆಯಿಂದ ಪಶ್ಚಿಮಘಟ್ಟಗಳಿಗೆ ಬರುವ ಇನ್ನೊಂದು ಪ್ರಭೇದ ಮೂರು ಉಚ್ಚಾರದ ಕರೆ ಕೊಡುತ್ತದೆ. ಹಳದಿಯ ಛಾಯೆ ಒಂದರಲ್ಲಿ ಕೊಂಚ ಹೆಚ್ಚೆಂಬುದು ನಿಜವಾದರೂ, ಮರದ ತುದಿಯ ಹಸಿರು ಬೆಳಕಿನಲ್ಲಿ ಆ ಹೆಚ್ಚು ಕಡಿಮೆಗೆ ಬೆಲೆಯಿಲ್ಲ. ಉಚ್ಚಾರಗಳನ್ನು ಎಣಿಸುವುದೇ ಉಪಾಯ. ಹಕ್ಕಿ ಕರೆಯದೆ ಹೋದರೆ ‘ಎಲೆ ಉಲಿಯಕ್ಕಿ’ ಎಂದಷ್ಟೇ ಬರೆದು ಪ್ರಭೇದದ ಜಾಗವನ್ನು ಖಾಲಿ ಬಿಡಬೇಕು.

ಹಿಂದಿನ ಪಕ್ಷಿಶಾಸ್ತ್ರಜ್ಞರಿಗೆ ಸಂದೇಹ ಬಂದಾಗ ಪರಿಹಾರ ಬಂದೂಕಿನಲ್ಲಿತ್ತು. ಹಕ್ಕಿಯನ್ನು ಹೊಡೆದುರುಳಿಸಿ, ರೆಕ್ಕೆ ಕೊಕ್ಕುಗಳನ್ನು ಅಳೆದು, ಚರ್ಮವನ್ನು ಸಂಗ್ರಹಾಲಯದಲ್ಲಿರಿಸಿದಲ್ಲದೆ ಹೆಸರು ಸಿದ್ಧವಾಗುತ್ತಿರಲಿಲ್ಲ. ಆ ಸಂಗ್ರಹಗಳ ಶಾಸ್ತ್ರೀಯ ಮೌಲ್ಯವನ್ನು ಅಲ್ಲಗಳೆಯಲಾಗದಾದರೂ, ಸಾಮಾನ್ಯ ಜನರಿಗೆ ಆ ಮಾರ್ಗ ತೆರೆದಿರಲಿಲ್ಲ. 1934ರಲ್ಲಿ ಅಮೆರಿಕದ ರೋಜರ್ ಟೋರಿ ಪೀಟರ್ಸನ್ ತನ್ನ ಕೈಪಿಡಿಯಲ್ಲಿ ಸಮರೂಪದ ಹಕ್ಕಿಗಳನ್ನು ಒಂದೇ ಪುಟದಲ್ಲಿ ಒಂದೇ ಭಂಗಿಯಲ್ಲಿ ಚಿತ್ರಿಸಿ, ಭೇದವೆಲ್ಲಿದೆಯೋ ಅಲ್ಲಿಗೆ ಪುಟ್ಟ ಗೆರೆಯೆಳೆದು ತೋರಿಸಿದ ಮೇಲೆ, ದುರ್ಬೀನು ಹಿಡಿದ ಯಾರಿಗಾದರೂ ಈ ವಿದ್ಯೆ ಸುಲಭಸಾಧ್ಯವಾಯಿತು. 1941ರಲ್ಲಿ ಸಲೀಂ ಅಲಿಯವರ ಭಾರತೀಯ ಹಕ್ಕಿಗಳ ಪುಸ್ತಕವು ಪ್ರಕಟವಾಗಿ ನಮ್ಮ ದೇಶದಲ್ಲಿಯೂ ಆ ಬಾಗಿಲು ತೆರೆಯಿತು. ಅದಕ್ಕೆ ಸ್ವಲ್ಪ ಮೊದಲು, 1939 ಮತ್ತು 40ರಲ್ಲಿ, ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದರು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದುದು ಅವರ ಒತ್ತಾಯದಿಂದ. ಬೆಳ್ಳಕ್ಕಿಗಳ ಮೇಲಿನ ಪಾಠವನ್ನು ಕಣ್ಣಾರೆ ಓದಬೇಕೆನ್ನುವವರು ಅವು ಗೂಡುಕಟ್ಟುವ ಕಾಲದಲ್ಲಿ ಅಲ್ಲಿಗೆ ಹೋಗಬೇಕು.

ಹೋಗುವಾಗ ಪುಸ್ತಕವನ್ನು ಚೀಲದಲ್ಲಿಯೇ ಇರಿಸಿ, ಟಿಪ್ಪಣಿಯನ್ನು ಮೊದಲು ಬರೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಚಿತ್ರವನ್ನು ನೋಡಿದ ಕ್ಷಣದಿಂದ ನೆನಪು ಚಿತ್ರದ ಕಡೆಗೆ ವಾಲತೊಡಗುತ್ತದೆ. ಹಕ್ಕಿಯ ಕಾಲನ್ನು ನಿಜವಾಗಿ ಕಂಡೆವೋ ಪುಟದಲ್ಲಿ ಕಂಡೆವೋ ಎಂಬುದು ಸಂಜೆಯ ಹೊತ್ತಿಗೆ ತಿಳಿಯದಂತಾಗುತ್ತದೆ. ಕೊಕ್ಕಿನ ಉದ್ದ ತಲೆಯ ಉದ್ದಕ್ಕೆ ಎಷ್ಟು ಪಾಲು, ಬಾಲ ರೆಕ್ಕೆಯನ್ನು ಎಷ್ಟು ಮೀರಿದೆ, ನಡೆಯುವುದೋ ಕುಪ್ಪಳಿಸುವುದೋ, ನೀರಿನಲ್ಲಿಯೋ ಹುಲ್ಲಿನಲ್ಲಿಯೋ, ಯಾವ ತಿಂಗಳು, ಬೆಳಕು ಯಾವ ಕಡೆಯಿಂದ, ಇಷ್ಟನ್ನು ಹಕ್ಕಿ ಎದುರಿಗಿರುವಾಗಲೇ ಬರೆದಿಟ್ಟವನು, ಅಂದು ಹೆಸರು ಸಿಗದಿದ್ದರೂ, ಒಂದಲ್ಲ ಒಂದು ದಿನ ಆ ಟಿಪ್ಪಣಿಯಿಂದಲೇ ಹೆಸರನ್ನು ಪಡೆಯಬಹುದು. ತಪ್ಪು ಹೆಸರಿನ ದಾಖಲೆಯಾದರೋ, ಒಂದು ಹಕ್ಕಿ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ, ಹೆಚ್ಚುತ್ತಿದೆಯೇ ಕ್ಷೀಣಿಸುತ್ತಿದೆಯೇ ಎಂಬ ವಿಚಾರಗಳನ್ನು ಮುಂದೆ ಅದರ ಆಧಾರದ ಮೇಲೆ ನಿರ್ಣಯಿಸುವವರನ್ನೆಲ್ಲ ದಾರಿ ತಪ್ಪಿಸುತ್ತದೆ.

ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯ ಓದುಗರು ಮಾತ್ರ ಮೇಲೆ ಹೇಳಿದ ನಾಲ್ಕು ಬೆಳ್ಳಕ್ಕಿಗಳಿಗೆ ಐದನೆಯದೊಂದನ್ನು ಸೇರಿಸಿಕೊಳ್ಳಬೇಕು. ಅಳಿವೆಗಳ ಕೆಸರಿನಲ್ಲಿಯೂ ಕಡಲಿನ ಬಂಡೆಗಳ ನಡುವೆಯೂ ಕಾಣಬರುವ ಕಡಲ ಬಕವು ಎರಡು ಬಣ್ಣಗಳಲ್ಲಿರುತ್ತದೆ: ಕರಿಬೂದಿಯದನ್ನು ಗುರುತಿಸಲು ಶ್ರಮವಿಲ್ಲ, ಅಚ್ಚ ಬಿಳಿಯದು ಹಳದಿ ಪಾದಗಳ ಸಮೇತ ಚಿಕ್ಕ ಬೆಳ್ಳಕ್ಕಿಯೇ ಎನಿಸುವಂತಿರುತ್ತದೆ. ಅದರ ಕೊಕ್ಕು ಇನ್ನೂ ದಪ್ಪ, ಕೊಂಚವೇ ಕೆಳಕ್ಕೆ ಬಾಗಿದ್ದು, ಸಾಮಾನ್ಯವಾಗಿ ಕಪ್ಪಿಗೆ ಬದಲಾಗಿ ಹಳದಿ ಬೆರೆತ ಕಂದಾಗಿರುವುದು. ಪಾದದ ಹಳದಿಯು ಹಲವೊಮ್ಮೆ ಕಾಲಿನ ಮೇಲಕ್ಕೂ ಸ್ವಲ್ಪ ಹತ್ತಿರುವುದು. ಇವೆರಡು ಪ್ರಭೇದಗಳು ಪರಸ್ಪರ ಜೊತೆಗೂಡಿ ಮಿಶ್ರಸಂತಾನವನ್ನು ಪಡೆಯುವುದೂ ಉಂಟಾದ್ದರಿಂದ, ಎರಡರ ಲಕ್ಷಣಗಳನ್ನೂ ತೋರುವ ಹಕ್ಕಿಯೊಂದು ಕರಾವಳಿಯಲ್ಲಿ ಎದುರಾದರೆ ಯಾವುದಾದರೊಂದು ಹೆಸರನ್ನು ಅದಕ್ಕೆ ಬಲವಂತದಿಂದ ಅಂಟಿಸದೆ, ಕಂಡ ಲಕ್ಷಣಗಳನ್ನು ಕಂಡ ಹಾಗೆಯೇ ಬರೆದಿಡತಕ್ಕದ್ದು.