ಹೊಸ ಅಡುಗೆಯವ, ಹಳೆಯ ಉಗ್ರಾಣ

ಗಣಕಯಂತ್ರದ ಆಪರೇಟಿಂಗ್ ಸಿಸ್ಟಂ ಹಳತಾಯಿತೆಂದು ಅದನ್ನು ಹೊಸ ಆವೃತ್ತಿಗೆ ಏರಿಸಿದ್ದಾಯಿತು. ಪರದೆಗೆ ಹೊಸ ಕಳೆ ಬಂದಿತು. ಆದರೆ ನಿನ್ನೆಯವರೆಗೆ ಚಾಚೂ ತಪ್ಪದೆ ನಡೆಯುತ್ತಿದ್ದ ಲೆಕ್ಕಾಚಾರದ ಪ್ರೋಗ್ರಾಮನ್ನು ಇಂದು ನಡೆಸಹೋದರೆ ಯಂತ್ರವು ಒಂದೇ ಮಾತಿನ ಉತ್ತರವನ್ನು ಕೊಡುತ್ತದೆ: ‘ಆ ಹೆಸರಿನ ಮಾಡ್ಯೂಲು ಇಲ್ಲ!’ ವಾರದ ಕೊನೆಗೆ ಪ್ರಬಂಧವನ್ನು ಒಪ್ಪಿಸಬೇಕಾದ ವಿದ್ಯಾರ್ಥಿಗಾಗಲಿ, ಸಂಬಳದ ಪಟ್ಟಿಯನ್ನು ಸಿದ್ಧಪಡಿಸಬೇಕಾದ ಗುಮಾಸ್ತರಿಗಾಗಲಿ ಆಗ ಎದೆ ಝಲ್ಲೆನ್ನದೆ ಇರದು.

ಮಾಡ್ಯೂಲು ಎಂದರೇನು? ಯಾರೋ ಮೊದಲೇ ಬರೆದಿಟ್ಟಿರುವ, ಬೇಕೆಂದಾಗ ತೆಗೆದು ಬಳಸಬಹುದಾದ ಸಿದ್ಧ ತುಣುಕು. ಗೈಡೊ ವಾನ್ ರೋಸಮ್ ಅವರು ೧೯೯೧ರಲ್ಲಿ ಬಿಡುಗಡೆ ಮಾಡಿದ ಪೈಥಾನ್ ಭಾಷೆಯು ಇಷ್ಟು ಜನಪ್ರಿಯವಾದುದಕ್ಕೆ ಇಂತಹ ಮಾಡ್ಯೂಲುಗಳ ಸಮೃದ್ಧಿಯೂ ಒಂದು ಕಾರಣ. ಪುಡಿಗಳೆಲ್ಲ ಕುಟ್ಟಿ ಸಿದ್ಧವಾಗಿರುವ ಉಗ್ರಾಣವಿದ್ದರೆ ಅಡುಗೆಗೆಷ್ಟು ಹೊತ್ತು?

ಉಗ್ರಾಣ ಎಲ್ಲಿದೆ?

ತೊಡಕು ಹುಟ್ಟುವುದು ಈ ಉಗ್ರಾಣದಲ್ಲಿಯೇ. ೨೦೨೨ರಲ್ಲಿ ಬಂದ ಉಬುಂಟು ೨೨.೦೪ರ ಜೊತೆಯಲ್ಲಿದ್ದುದು ಪೈಥಾನ್ ೩.೧೦, ೨೦೨೪ರ ಉಬುಂಟು ೨೪.೦೪ರ ಜೊತೆಯಲ್ಲಿ ಬಂದುದು ಪೈಥಾನ್ ೩.೧೨. ಉಬುಂಟು ತನ್ನ ಭಂಡಾರದಿಂದ ಒದಗಿಸುವ ಮಾಡ್ಯೂಲುಗಳು ಸಾಮಾನ್ಯವಾಗಿ ವ್ಯವಸ್ಥೆಯೊಡನೆಯೇ ಹೊಸದಾಗುತ್ತವೆ. ಆದರೆ ‘ಪಿಪ್’ ಎಂಬ ಸಾಧನದಿಂದ ಬಳಕೆದಾರನು ತಾನೇ ತರಿಸಿಕೊಂಡವು ಆವೃತ್ತಿಯ ಹೆಸರನ್ನೇ ಹೊತ್ತ ಫೋಲ್ಡರಿನಲ್ಲಿ ಕುಳಿತಿರುತ್ತವೆ. ೩.೧೦ರ ಸಾಮಾನು ೩.೧೦ರ ಫೋಲ್ಡರಿನಲ್ಲಿ, ೩.೧೨ ನೋಡುವುದು ತನ್ನ ಫೋಲ್ಡರನ್ನು ಮಾತ್ರ. ಹೊಸದಾಗಿ ಬಂದ ಅಡುಗೆಯವನು ಹಿಂದಿನವನ ಉಗ್ರಾಣದ ಬಾಗಿಲನ್ನೇ ತೆರೆಯದೆ ‘ಮನೆಯಲ್ಲಿ ಬೇಳೆ ಇಲ್ಲ’ ಎಂದಂತೆ! ಸಾಮಾನು ಕಳೆದಿಲ್ಲ, ಡಿಸ್ಕಿನಲ್ಲಿ ಹಾಗೆಯೇ ಇದೆ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆಯ ಕಥೆಯೇ ಇದು.

ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಈಗ ಕೆಲಸ ಮಾಡುತ್ತಿರುವ ಪೈಥಾನ್ ಯಾವ ಆವೃತ್ತಿಯದು? ಅದು ಎಲ್ಲೆಲ್ಲಿ ಹುಡುಕುತ್ತಿದೆ? ಎರಡನೆಯದಕ್ಕೆ ಉತ್ತರ ‘ಸಿಸ್’ ಮಾಡ್ಯೂಲಿನೊಳಗಿನ ‘ಪಾತ್’ ಎಂಬ ಪಟ್ಟಿಯಲ್ಲಿದೆ. ಅದನ್ನು ಪರದೆಯ ಮೇಲೆ ತರಿಸಿ ನೋಡಿದರೆ ಅರ್ಧ ಸಂಶಯ ಅಲ್ಲಿಯೇ ಪರಿಹಾರವಾಗುತ್ತದೆ.

ಅವಸರದ ಅನಾಹುತ

ಗಾಬರಿಯಲ್ಲಿ ಕೆಲವರು ಹಳೆಯ ಫೋಲ್ಡರಿನಲ್ಲಿರುವುದನ್ನೆಲ್ಲ ಹೊಸದಕ್ಕೆ ನಕಲು ಮಾಡುತ್ತಾರೆ. ‘ನಂಪೈ’ಯಂತಹ ಮಾಡ್ಯೂಲುಗಳಲ್ಲಿ ಸಿ ಭಾಷೆಯಿಂದ ಯಂತ್ರಭಾಷೆಗೆ ಇಳಿಸಿದ ಭಾಗಗಳಿರುತ್ತವೆ, ಅವನ್ನು ಸಿದ್ಧಪಡಿಸಿರುವುದು ಒಂದು ನಿರ್ದಿಷ್ಟ ಆವೃತ್ತಿಗಾಗಿ. ಇನ್ನೊಂದರಲ್ಲಿ ಅವು ನಡೆಯವು.

ಇದಕ್ಕಿಂತ ಅಪಾಯಕರವಾದ ಸಾಹಸ ಇನ್ನೊಂದಿದೆ. ವ್ಯವಸ್ಥೆಯ ‘ಪೈಥಾನ್ ೩’ ಎಂಬ ಹೆಸರನ್ನು ಬೇರೊಂದು ಆವೃತ್ತಿಗೆ ತಿರುಗಿಸುವುದು. ಉಬುಂಟುವಿನ ಎಷ್ಟೋ ಸಾಧನಗಳು ತಮ್ಮ ಕೆಲಸಕ್ಕೆ ಅದೇ ಪೈಥಾನನ್ನು ನೆಚ್ಚಿಕೊಂಡಿವೆ. ಹೆಸರು ತಿರುಗಿದೊಡನೆ ತಂತ್ರಾಂಶದ ಮೂಲಗಳನ್ನು ಸೇರಿಸುವ ಸಾಧನವೇ ‘ಆಪ್ಟ್ ಪಿಕೆಜಿ ಎಂಬ ಮಾಡ್ಯೂಲು ಇಲ್ಲ’ ಎಂದು ಕೈಚೆಲ್ಲಬಹುದು. ಒಂದು ಮಾಡ್ಯೂಲು ಕಾಣದಿದ್ದುದಕ್ಕೆ ಇಡೀ ಯಂತ್ರವನ್ನೇ ಕೆಡಿಸಿಕೊಳ್ಳುವುದು ನೆಗಡಿಗೆ ಮೂಗನ್ನು ಕೊಯ್ದುಕೊಂಡಂತೆ.

ಸರಿಯಾದ ದಾರಿ

ಹಾಗಾದರೆ ಮಾಡಬೇಕಾದುದೇನು? ಹಳೆಯ ಫೋಲ್ಡರನ್ನು ಅಳಿಸಬಾರದು. ಅದರೊಳಗೆ ‘ಡಿಸ್ಟ್-ಇನ್ಫೊ’ ಎಂದು ಕೊನೆಗೊಳ್ಳುವ ಫೋಲ್ಡರುಗಳ ಹೆಸರಿನಲ್ಲಿಯೇ ಒಂದೊಂದು ಪ್ಯಾಕೇಜಿನ ಹೆಸರೂ ಆವೃತ್ತಿಯೂ ಇರುತ್ತವೆ. ಕಳೆದುಹೋದ ಪಟ್ಟಿ ಅದೇ. ಬಳಿಕ ಪ್ರತಿಯೊಂದು ಕೆಲಸಕ್ಕೂ ‘ವೆನ್ವ್’ ಎಂಬ ಪ್ರತ್ಯೇಕ ಪರಿಸರವನ್ನು ನಿರ್ಮಿಸಿ, ಬೇಕಾದ ಮಾಡ್ಯೂಲುಗಳನ್ನು ಅದರೊಳಗೆ ತರಿಸಬೇಕು. ಉಬುಂಟು ೨೪.೦೪ರಲ್ಲಿ ಪಿಪ್ ಸಾಧನವು ವ್ಯವಸ್ಥೆಯ ಪೈಥಾನಿನೊಳಗೆ ಏನನ್ನೂ ಹಾಕಲು ಸುಮ್ಮನೆ ಒಪ್ಪುವುದಿಲ್ಲ. ಈ ತಡೆ ಬಳಕೆದಾರನ ಹಿತಕ್ಕಾಗಿಯೇ ಇದೆ. ಹಿಂದೆಯೇ ಮಾಡಿಟ್ಟಿದ್ದ ಪರಿಸರಗಳೂ ಹಳೆಯ ಆವೃತ್ತಿಗೆ ಕಟ್ಟುಬಿದ್ದಿರುವುದರಿಂದ ಅವನ್ನೂ ಹೊಸದಾಗಿ ಕಟ್ಟುವುದೇ ಲೇಸು.

ತರಿಸುವಾಗ ಹೆಸರಿನ ಬಗೆಗೆ ಎಚ್ಚರವಿರಬೇಕು. ಪ್ರೋಗ್ರಾಮಿನಲ್ಲಿ ‘ಪಿಐಎಲ್’ ಎಂದಿರುವುದು ಪಿಪ್‌ಗೆ ‘ಪಿಲ್ಲೊ’. ‘ಸಿವಿ೨’ ಎಂದಿರುವುದು ‘ಓಪನ್‌ಸಿವಿ-ಪೈಥಾನ್’.

ಇಷ್ಟಾದರೂ ಕೆಲವು ಮಾಡ್ಯೂಲುಗಳು ದೊರೆಯವು, ಏಕೆಂದರೆ ಅವನ್ನು ಭಾಷೆಯಿಂದಲೇ ತೆಗೆದುಹಾಕಲಾಗಿದೆ. ‘ಡಿಸ್ಟ್‌ಯುಟಿಲ್ಸ್’ ತೆರವಾಗುವುದೆಂದು ೨೦೨೧ರ ಪೈಥಾನ್ ೩.೧೦ ಮುನ್ಸೂಚನೆ ಕೊಟ್ಟಿತ್ತು, ೨೦೨೩ರ ೩.೧೨ರಲ್ಲಿ ಅದು ಹೊರಟುಹೋಯಿತು. ‘ಸೆಟಪ್‌ಟೂಲ್ಸ್’ ಎಂಬ ಪ್ಯಾಕೇಜನ್ನು ತರಿಸಿದರೆ ಸದ್ಯಕ್ಕೆ ಕೆಲಸ ಸಾಗುತ್ತದೆ. ೨೦೨೪ರ ಪೈಥಾನ್ ೩.೧೩ರಲ್ಲಿ ‘ಸಿಜಿಐ’, ‘ಟೆಲ್ನೆಟ್‌ಲಿಬ್’ ಮೊದಲಾದ ೧೯ ಹಳೆಯ ಮಾಡ್ಯೂಲುಗಳು ಒಮ್ಮೆಗೇ ಮರೆಯಾದವು. ಇಂತಹವನ್ನು ನೆಚ್ಚಿದ ಪ್ರೋಗ್ರಾಮಿಗೆ ಬದಲಿ ಪ್ಯಾಕೇಜನ್ನು ಹುಡುಕಬೇಕು. ಇಲ್ಲವೆ ಪ್ರೋಗ್ರಾಮನ್ನೇ ತಿದ್ದಬೇಕು. ಬರೆದವರು ಕೆಲಸ ಬಿಟ್ಟು ಎಲ್ಲಿಗೋ ಹೋಗಿರುವ ಹಳೆಯ ಪ್ರೋಗ್ರಾಮುಗಳಿಗೆ ನಿಜವಾದ ಕಷ್ಟ ಇದೇ.

ಈ ಪರದಾಟವನ್ನು ಬಹುಮಟ್ಟಿಗೆ ತಪ್ಪಿಸಲು ಒಂದು ನಿಮಿಷದ ಕೆಲಸ ಸಾಕು. ಆವೃತ್ತಿಯನ್ನು ಏರಿಸುವ ಹಿಂದಿನ ದಿನ ‘ಪಿಪ್ ಫ್ರೀಜ್’ ಎಂಬ ಆಜ್ಞೆಯಿಂದ ಮಾಡ್ಯೂಲುಗಳ ಪಟ್ಟಿಯನ್ನು ತೆಗೆದು, ಯಂತ್ರದ ಹೊರಗೆ ಬೇರೊಂದೆಡೆ ಜೋಪಾನವಾಗಿಡಬೇಕು. ಪಟ್ಟಿಯೊಂದು ಕೈಯಲ್ಲಿದ್ದರೆ ಉಗ್ರಾಣವನ್ನು ಎಷ್ಟು ಸಲ ಬೇಕಾದರೂ ತುಂಬಿಸಬಹುದು.