ಊಟದ ಜಿಡ್ಡು ಮತ್ತು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್

ಗದ್ದೆಯ ನಾಟಿ ಮುಗಿದು ಕೈಲ್ ಪೊಳ್ದ್ ಬಂತೆಂದರೆ ಕೊಡಗಿನ ಅನೇಕ ಮನೆಗಳಲ್ಲಿ ಕಡಂಬಿಟ್ಟು, ಹಂದಿಮಾಂಸದ ಸಾರು ಇರಲೇಬೇಕು. ತಿಂಗಳುಗಟ್ಟಲೆ ಕೆಸರಿನಲ್ಲಿ ದುಡಿದ ಮೈಗೆ ಅದು ತಕ್ಕ ಊಟವೂ ಆಗಿತ್ತು. ಈಗ ಗದ್ದೆಗಳು ಕಡಿಮೆಯಾಗಿವೆ. ತೋಟದ ಮೇಲಿನ ತುದಿಗೂ ಜೀಪಿನಲ್ಲೇ ಹೋಗಿಬರುತ್ತೇವೆ. ಆದರೆ ಊಟ ಮಾತ್ರ ನಾಟಿಯ ದಿನಗಳದ್ದೇ ಉಳಿದಿದೆ. ಹಬ್ಬದ ಅಡಿಗೆ ವಾರಕ್ಕೆರಡು ಬಾರಿಯ ಅಡಿಗೆಯಾಗಿದೆ.

ಪೊನ್ನಂಪೇಟೆ ಕಡೆ ಹಂದಿ ಸಾಕಣೆಯ ಬಗ್ಗೆ ಒಂದು ದಿನದ ತರಬೇತಿ ನಡೆದಾಗ, ಎಲ್ಲರೂ ಹೊರಟುಹೋದ ಮೇಲೆ ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಹಿಂದೆ ಉಳಿದರು. ಅವರ ತಮ್ಮನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಗಿ ಕೆಲವೇ ತಿಂಗಳಾಗಿತ್ತಂತೆ. "ಹಂದಿ ತಿಂದದ್ದರಿಂದಲೇ ಹೀಗಾಯಿತು ಅನ್ನುತ್ತಾರಲ್ಲ ಸಾರ್, ನಿಜವೇ?" ಎಂದು ಕೇಳಿದರು. ಸ್ವಲ್ಪ ಮಾತನಾಡಿದ ಮೇಲೆ, ತಾವೂ ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಿರುವುದಾಗಿಯೂ, ಮನೆಯಲ್ಲಿ ಯಾರಿಗೂ ಹೇಳಿಲ್ಲವೆಂದೂ ತಿಳಿಸಿದರು. ಅವರ ಪ್ರಶ್ನೆಗೆ ಅಂದು ನಿಂತ ನಿಲುವಿನಲ್ಲಿ ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯಲಾಗಿದೆ.

ಗ್ರಂಥಿಯ ಪರಿಚಯ

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಬುಡದಲ್ಲಿ ಮೂತ್ರನಾಳವನ್ನು ಬಳೆಯಂತೆ ಸುತ್ತಿಕೊಂಡಿರುತ್ತದೆ. ಹರೆಯದಲ್ಲಿ ಇದರ ಗಾತ್ರ ಒಂದು ಅಕ್ರೋಟಿನಷ್ಟು. ವೀರ್ಯದೊಡನೆ ಸೇರುವ ಒಂದು ದ್ರವವನ್ನು ಒಸರುವುದು ಇದರ ಕೆಲಸ. ಐವತ್ತು ದಾಟಿದ ಮೇಲೆ ಇದು ದಪ್ಪವಾಗುತ್ತ ಹೋಗುವುದು ಸಾಮಾನ್ಯ. ಆಗ ನಾಳ ಇಕ್ಕಟ್ಟಾಗಿ ಮೂತ್ರದ ಧಾರೆ ಸಣ್ಣದಾಗುತ್ತದೆ, ಪದೇ ಪದೇ ಹೋಗಬೇಕೆನಿಸುತ್ತದೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಿಗೆ ತಿರುಗುವಂಥದ್ದೂ ಅಲ್ಲ. ಕ್ಯಾನ್ಸರ್ ಹೆಚ್ಚಾಗಿ ಗ್ರಂಥಿಯ ಹೊರಭಾಗದಲ್ಲಿ ಹುಟ್ಟುವುದರಿಂದ ಮೊದಮೊದಲು ಯಾವ ಲಕ್ಷಣವನ್ನೂ ತೋರಿಸದೆ ಇರಬಹುದು. ಎರಡನ್ನೂ ಬೇರ್ಪಡಿಸಿ ಹೇಳಲು ವೈದ್ಯರ ಪರೀಕ್ಷೆಯೇ ಆಗಬೇಕು.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಕ್ಯಾನ್ಸರ್ ರೋಗಿಗಳ ನೋಂದಣಿ ನಡೆದುಬಂದಿದೆ. ಅಲ್ಲಿನ ಲೆಕ್ಕದಂತೆ ವರ್ಷಗಳು ಕಳೆದಂತೆ ಪ್ರಾಸ್ಟೇಟ್ ಕ್ಯಾನ್ಸರ್ ಮೇಲೇರುತ್ತ, ಬೆಂಗಳೂರಿನ ಪುರುಷರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳ ಸಾಲಿಗೆ ಸೇರಿದೆ. ಜನರ ಆಯುಸ್ಸು ಹೆಚ್ಚಿರುವುದು, ಪರೀಕ್ಷೆಯ ಸೌಲಭ್ಯ ಬಂದಿರುವುದು ಇದಕ್ಕೆ ಒಂದು ಪಾಲು ಕಾರಣ. ಉಳಿದ ಪಾಲಿನಲ್ಲಿ ಊಟಕ್ಕೂ ಜಾಗ ಇದೆಯೆಂದು ತಜ್ಞರು ಸಂಶಯಿಸುತ್ತಾರೆ.

ಬೀಜ ಬೇರೆ, ಗೊಬ್ಬರ ಬೇರೆ

ಬೇರೆ ಕಾರಣಗಳಿಂದ ಸತ್ತ ವಯಸ್ಸಾದ ಗಂಡಸರ ಪ್ರಾಸ್ಟೇಟನ್ನು ಕೊಯ್ದು ನೋಡಿದರೆ, ಅನೇಕರಲ್ಲಿ ಕ್ಯಾನ್ಸರಿನ ಸಣ್ಣ ಮೊಳಕೆಗಳು ಸಿಗುತ್ತವೆ. ಅವರಿಗೆ ಬದುಕಿರುವಾಗ ಅದರ ಸುಳಿವೇ ಇರಲಿಲ್ಲ. ಇಂಥ ನಿದ್ರಿಸುವ ಮೊಳಕೆಗಳು ಬೇರೆ ಬೇರೆ ದೇಶದವರಲ್ಲಿ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಕಂಡುಬಂದವು. ಆದರೆ ಬೆಳೆದು ಕಾಯಿಲೆಯಾಗಿ ಕಾಡುವ ಪ್ರಮಾಣದಲ್ಲಿ ಭಾರಿ ಅಂತರವಿತ್ತು. ಜಪಾನಿನಲ್ಲಿ ಬಹಳ ಕಡಿಮೆ ಇದ್ದ ಈ ರೋಗ, ಅಲ್ಲಿಂದ ಅಮೆರಿಕಕ್ಕೆ ಹೋಗಿ ನೆಲಸಿದ ಜಪಾನಿಯರಲ್ಲಿ ಹೆಚ್ಚಾಯಿತು. ರಕ್ತಸಂಬಂಧ ಅದೇ ಇದ್ದು, ಬದಲಾದದ್ದು ನೆಲ ಮತ್ತು ಬದುಕಿನ ರೀತಿ. ಅಂದಮೇಲೆ ಬೀಜ ಬಿದ್ದಿದ್ದರೂ ಅದು ಮರವಾಗುವುದು ಬಿಡುವುದು ಬೇರೆ ಯಾವುದೋ ಪೋಷಣೆಯನ್ನು ಅವಲಂಬಿಸಿದೆ ಎಂದಾಯಿತು. ಹಾಗಾಗಿಯೇ ಜಿಡ್ಡನ್ನು ಬೀಜವೆನ್ನುವುದಕ್ಕಿಂತ ಗೊಬ್ಬರವೆಂದು ತಿಳಿಯುವುದು ಸರಿ.

1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ದಂತವೈದ್ಯರು, ಪಶುವೈದ್ಯರು ಮುಂತಾದ ಸುಮಾರು 48 ಸಾವಿರ ಪುರುಷರ ಊಟದ ವಿವರಗಳನ್ನು ತೆಗೆದುಕೊಂಡು ಅವರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಲಾಯಿತು. ಹೆಚ್ಚು ಕೊಬ್ಬು, ಅದರಲ್ಲೂ ಪ್ರಾಣಿಜನ್ಯ ಕೊಬ್ಬು ತಿನ್ನುತ್ತಿದ್ದವರಲ್ಲಿ ಮುಂದುವರಿದ, ಹರಡಿದ ಕ್ಯಾನ್ಸರ್ ಹೆಚ್ಚು ಕಂಡುಬಂತು. ಆರಂಭದ ಹಂತದ ಕ್ಯಾನ್ಸರಿಗೂ ಕೊಬ್ಬಿಗೂ ಅಂಥ ನಂಟು ಕಾಣಲಿಲ್ಲ.

1995ರಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು ಮನುಷ್ಯರ ಪ್ರಾಸ್ಟೇಟ್ ಕ್ಯಾನ್ಸರ್ ಕಣಗಳನ್ನು ಇಲಿಗಳಲ್ಲಿ ಬೆಳೆಸಿ, ಗಡ್ಡೆ ಕಾಣಿಸಿದ ನಂತರ ಅವುಗಳ ಆಹಾರವನ್ನು ಬದಲಿಸಿ ನೋಡಿದರು. ಆಹಾರಶಕ್ತಿಯಲ್ಲಿ ನೂರಕ್ಕೆ ನಲವತ್ತರಷ್ಟು ಕೊಬ್ಬಿನಿಂದ ಬರುತ್ತಿದ್ದ ಇಲಿಗಳಲ್ಲಿ ಗಡ್ಡೆ ಬೇಗ ಬೆಳೆಯಿತು. ಇಪ್ಪತ್ತೊಂದಕ್ಕೂ ಅದಕ್ಕಿಂತ ಕೆಳಗೂ ಇಳಿಸಿದವುಗಳಲ್ಲಿ ನಿಧಾನವಾಯಿತು. ಅವರು ಬಳಸಿದ್ದು ಮೆಕ್ಕೆಜೋಳದ ಎಣ್ಣೆ ಎಂಬುದನ್ನು ಓದುಗರು ಗಮನಿಸಬೇಕು. ಹಂದಿಕೊಬ್ಬು ಬಿಟ್ಟೆನೆಂದು ಎಣ್ಣೆಯಲ್ಲಿ ಕರಿದದ್ದನ್ನು ಧಾರಾಳವಾಗಿ ತಿನ್ನುವವರಿಗೆ ಇದರಲ್ಲಿ ಸಮಾಧಾನವಿಲ್ಲ. 2018ರಲ್ಲಿ ಬಾಸ್ಟನ್ ನಗರದ ವಿಜ್ಞಾನಿಗಳು ಇನ್ನೊಂದು ಸಂಗತಿಯನ್ನು ಕಂಡರು. ಗ್ರಂಥಿಯೊಳಗೇ ಉಳಿದುಬಿಡುವ ಗಡ್ಡೆಯಿದ್ದ ಇಲಿಗಳಿಗೆ ಗಟ್ಟಿ ಜಾತಿಯ ಕೊಬ್ಬನ್ನು ತಿನ್ನಿಸಿದಾಗ ಆ ಗಡ್ಡೆ ದೇಹದ ಬೇರೆ ಭಾಗಗಳಿಗೂ ಹರಡಿತು. ಪ್ರಾಸ್ಟೇಟ್ ಕ್ಯಾನ್ಸರಿನ ಕಣಗಳು ಕೊಬ್ಬನ್ನು ಉರುವಲಾಗಿ ಸುಡುತ್ತವೆ, ಹೊಸ ಕಣಗಳ ಗೋಡೆ ಕಟ್ಟಲು ಬಳಸುತ್ತವೆ, ಸಾಲದೆ ಬಂದಾಗ ತಾವೇ ತಯಾರಿಸಿಕೊಳ್ಳುತ್ತವೆ. ಹೊರಗಿನಿಂದಲೂ ಬಂದು ಬಿದ್ದರೆ ಕೇಳಬೇಕೆ!

ಇಲಿಯಲ್ಲಿ ಆದದ್ದೆಲ್ಲ ಮನುಷ್ಯನಲ್ಲೂ ಆಗುತ್ತದೆಂದು ಹೇಳಲಾಗದು. ಆದರೂ ಮನುಷ್ಯರ ಮೇಲಿನ ಒಂದು ಪ್ರಯೋಗದ ಫಲಿತಾಂಶ 2024ರಲ್ಲಿ ಲಾಸ್ ಏಂಜಲೀಸ್‌ನಿಂದ ಹೊರಬಂದಿದೆ. ತಕ್ಷಣ ಶಸ್ತ್ರಚಿಕಿತ್ಸೆ ಬೇಡವೆಂದು ವೈದ್ಯರ ಕಣ್ಗಾವಲಿನಲ್ಲಿದ್ದ 100 ಮಂದಿ ರೋಗಿಗಳಲ್ಲಿ ಅರ್ಧ ಜನರಿಗೆ ಒಂದು ವರ್ಷ ಕರಿದ ಪದಾರ್ಥ ಮತ್ತು ಒಮೇಗಾ-6 ಜಾತಿಯ ಕೊಬ್ಬನ್ನು ಇಳಿಸಿ, ಒಮೇಗಾ-3 ಇರುವ ಮೀನು ಹಾಗೂ ಮೀನೆಣ್ಣೆ ಕೊಡಲಾಯಿತು. ಕ್ಯಾನ್ಸರ್ ಕಣಗಳು ಎಷ್ಟು ಚುರುಕಾಗಿ ಒಡೆಯುತ್ತಿವೆ ಎಂದು ತೋರಿಸುವ ಅಳತೆ ಇವರಲ್ಲಿ ಸುಮಾರು ಶೇಕಡ 15ರಷ್ಟು ಇಳಿಯಿತು. ಹಳೆಯ ಊಟವನ್ನೇ ಮುಂದುವರಿಸಿದವರಲ್ಲಿ ಶೇಕಡ 24ರಷ್ಟು ಏರಿತು. ಈ ಎರಡು ಜಾತಿಯ ಕೊಬ್ಬುಗಳೂ ದೇಹದಲ್ಲಿ ಒಂದೇ ಗಿರಣಿಗೆ ಬಂದು ಸರದಿ ನಿಲ್ಲುತ್ತವೆ. ಒಮೇಗಾ-6ರ ಮೂಟೆಗಳೇ ಸಾಲುಗಟ್ಟಿದರೆ ಉರಿಯೂತ ಎಬ್ಬಿಸುವ ಪದಾರ್ಥ ಹೆಚ್ಚು ತಯಾರಾಗುತ್ತದೆ.

ಹಾಗೆಂದು ಅಂಗಡಿಗೆ ಹೋಗಿ ಮೀನೆಣ್ಣೆ ಮಾತ್ರೆಯ ಸೀಸೆ ಕೊಂಡು ತರುವುದು ಬೇಡ. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ರಕ್ತದಲ್ಲಿ ಒಮೇಗಾ-3 ಹೆಚ್ಚಿದ್ದವರಲ್ಲೇ ಈ ಕ್ಯಾನ್ಸರ್ ಹೆಚ್ಚು ಕಂಡಿತ್ತು. ವಿಟಮಿನ್ ಇ ಮಾತ್ರೆಯ ಕಥೆಯೂ ಹೀಗೆಯೇ. ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಯುತ್ತದೆಂದು 35 ಸಾವಿರಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಿದಾಗ, 2011ರ ಹೊತ್ತಿಗೆ ಅದನ್ನು ನುಂಗಿದವರಲ್ಲೇ ರೋಗ ಶೇಕಡ 17ರಷ್ಟು ಹೆಚ್ಚಾಗಿತ್ತು.

ಹಂದಿಯ ಕೊಬ್ಬು

ಹಸು, ಎಮ್ಮೆ, ಕುರಿಗಳ ಮೆಲುಕು ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮೇವಿನ ತೆಳು ಕೊಬ್ಬನ್ನೂ ಗಟ್ಟಿ ಕೊಬ್ಬನ್ನಾಗಿ ಮಾರ್ಪಡಿಸುತ್ತವೆ. ಹಂದಿಗೆ ನಮ್ಮಂತೆ ಒಂದೇ ಹೊಟ್ಟೆ. ತಿಂದ ಕೊಬ್ಬು ಹೆಚ್ಚು ಬದಲಾಗದೆ ಅದರ ಮೈ ಸೇರುತ್ತದೆ. ಎಣ್ಣೆಯಂಶ ಹೆಚ್ಚಿರುವ ತೌಡು ತಿಂದ ಹಂದಿಯ ಕೊಬ್ಬು ಮೆದುವಾಗಿರುವುದನ್ನು ಸಾಕಿದವರು ಬಲ್ಲರು. ಸಾಮಾನ್ಯವಾಗಿ ಹಂದಿಕೊಬ್ಬಿನಲ್ಲಿ ಗಟ್ಟಿ ಜಾತಿಯದು ನೂರಕ್ಕೆ ನಲವತ್ತು ಭಾಗ. ತೆಂಗಿನೆಣ್ಣೆಯಲ್ಲಿ ಅದು ತೊಂಬತ್ತು ಭಾಗ. ಆದ್ದರಿಂದ ತಪ್ಪನ್ನೆಲ್ಲ ಹಂದಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ತೊಂದರೆ ಇರುವುದು ಅಳತೆಯಲ್ಲಿ. ಕೊಬ್ಬು ತೆಗೆದ ಬೆನ್ನಿನ ಮಾಂಸ ನೂರು ಗ್ರಾಮಿನಲ್ಲಿ ಹತ್ತು ಗ್ರಾಮಿಗಿಂತ ಕಡಿಮೆ ಕೊಬ್ಬು ಇರುತ್ತದೆ; ಪದರ ಪದರವಾದ ಹೊಟ್ಟೆಯ ಮಾಂಸದಲ್ಲಿ ಐವತ್ತು ಗ್ರಾಂವರೆಗೂ ಇರುತ್ತದೆ. ಹಿಂದೆ ಬೇಟೆಯಲ್ಲಿ ಸಿಗುತ್ತಿದ್ದ ಕಾಡುಹಂದಿ ಓಡಾಡಿ ಬೆಳೆದದ್ದು, ಇಂದಿನ ಗೂಡಿನ ಹಂದಿಯಷ್ಟು ಕೊಬ್ಬಿರುತ್ತಿರಲಿಲ್ಲ.

ಮನೆಯೊಡತಿಯರಿಗೆ ಒಂದು ಉಪಾಯ ಹೇಳಬಹುದು. ಮಾಂಸವನ್ನು ಹಿಂದಿನ ದಿನವೇ ಬೇಯಿಸಿಟ್ಟರೆ ಕೊಡಗಿನ ಚಳಿಗೆ ಬೆಳಗಾಗುವುದರೊಳಗೆ ಕೊಬ್ಬು ಮೇಲೆ ಕೆನೆಗಟ್ಟುತ್ತದೆ. ಅದನ್ನು ಸೌಟಿನಿಂದ ತೆಗೆದುಹಾಕಿ, ನಂತರ ಹುರಿದ ಮಸಾಲೆ, ಕಾಚಂಪುಳಿ ಸೇರಿಸಿ ಕುದಿಸಬಹುದು. ಕಾಚಂಪುಳಿಯಲ್ಲಿ ಜಿಡ್ಡಿಲ್ಲ. ರುಚಿ ಸ್ವಲ್ಪ ಕಡಿಮೆಯಾಗುತ್ತದೆಂದು ನಮ್ಮ ಮನೆಯಲ್ಲೂ ಆಕ್ಷೇಪಣೆ ಬಂತು, ಸುಳ್ಳು ಹೇಳುವುದಿಲ್ಲ.

ತಿಂಗಳ ಎಣ್ಣೆಯ ಲೆಕ್ಕವನ್ನೂ ನೋಡಿಕೊಳ್ಳಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2011ರಲ್ಲಿ ಹೇಳಿದಂತೆ ಕುಳಿತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 25 ಗ್ರಾಂ, ಕಷ್ಟದ ದುಡಿಮೆಯವನಿಗೆ 40 ಗ್ರಾಂ ಎಣ್ಣೆ, ತುಪ್ಪ ಸಾಕು. ತಲೆಗೆ 25 ಗ್ರಾಮಿನಂತೆ ಐದು ಜನರ ಮನೆಗೆ ತಿಂಗಳಿಗೆ ಸುಮಾರು ನಾಲ್ಕು ಲೀಟರ್ ಆಯಿತು. ಕರಗಿಸಿಟ್ಟ ಹಂದಿಕೊಬ್ಬು ಬಳಸಿದರೆ ಅದನ್ನೂ ಇದರೊಳಗೇ ಸೇರಿಸಬೇಕು. ಒಮ್ಮೆ ಕರಿದ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿಯಬಾರದು. ಮಂಗಳೂರು, ತಲಚೇರಿ ಕಡೆಯಿಂದ ಬರುವ ಮತ್ತಿ, ಬಂಗುಡೆ ಮೀನುಗಳಲ್ಲಿ ಒಮೇಗಾ-3 ಚೆನ್ನಾಗಿದೆ, ಆದರೆ ಸಾರು ಮಾಡಿದರೆ ಮಾತ್ರ ಲಾಭ, ಎಣ್ಣೆಯಲ್ಲಿ ಮುಳುಗಿಸಿದರೆ ಇಲ್ಲ. ಮೀನು ತಿನ್ನದವರಿಗೆ ಅಗಸೆಯ ಚಟ್ನಿಪುಡಿ ಇದೆ. ಮಳೆಗಾಲದ ಕಣಿಲೆ, ಅಣಬೆ, ಕೆಸುವಿನ ಸೊಪ್ಪುಗಳನ್ನು ಹಂದಿಮಾಂಸದ ಜಾಗದಲ್ಲಿ ವಾರಕ್ಕೆ ಕೆಲವು ದಿನವಾದರೂ ಕೂರಿಸಬಹುದು. ಹೊಟ್ಟೆ ಬರದಂತೆ ನೋಡಿಕೊಳ್ಳುವುದು ಇವೆಲ್ಲಕ್ಕಿಂತ ಮುಖ್ಯ. ಬೊಜ್ಜಿರುವವರಲ್ಲಿ ಈ ಕ್ಯಾನ್ಸರ್ ಮುಂದುವರಿದ ಹಂತ ತಲಪುವ ಸಂಭವ ಹೆಚ್ಚು.

ಇನ್ನು ಆ ಹಿರಿಯರ ವಿಷಯ. ತಂದೆಗೋ ಒಡಹುಟ್ಟಿದವನಿಗೋ ಈ ರೋಗ ಬಂದಿದ್ದರೆ ಅಪಾಯ ಇತರರ ಎರಡರಷ್ಟು. ಅಂಥವರು ಊಟ ಬದಲಿಸಿ ಸುಮ್ಮನಿರಬಾರದು. ವೈದ್ಯರನ್ನು ಕಂಡು ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ಬಗ್ಗೆ ಕೇಳಬೇಕು. ಮೂತ್ರದ ಸೋಂಕು, ಸಾಧಾರಣ ಊತಗಳಿಂದಲೂ ಅದರ ಅಂಕಿ ಏರುವುದುಂಟು, ಆದ್ದರಿಂದ ಅಂಕಿ ನೋಡಿದೊಡನೆ ಗಾಬರಿಯಾಗುವುದು ಬೇಡ. ಅವರಿಗೆ ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಲು ತಿಳಿಸಿದೆವು. ಮುಂದಿನ ತರಬೇತಿಗೆ ಬಂದಾಗ, ವಯಸ್ಸಿನ ಊತವಷ್ಟೇ ಎಂದು ಹೇಳಿ ಮಾತ್ರೆ ಕೊಟ್ಟಿದ್ದಾರೆಂದರು. ತಮ್ಮನ ಚಿಕಿತ್ಸೆ ನಡೆಯುತ್ತಿದೆ. ಆ ದಿನ ಅವರೊಂದಿಗೆ ಐವತ್ತು ದಾಟಿದ ಇನ್ನಿಬ್ಬರು ತಮ್ಮಂದಿರೂ ಬಂದಿದ್ದರು, ಪರೀಕ್ಷೆಯ ವಿಷಯ ಕೇಳಿ ತಿಳಿಯಲು.